ಆರಾಮ ಬಟನ್

ಸೂರ್ಯಕಾಂತರಿಗೆ ಆರಾಮ ಇಲ್ಲವಂತೆ ಎಂಬ ಸುದ್ದಿ ಅರ್ಧ ತಾಸಿನೊಳಗೆ ಹೈದರಾಬಾದಿನಿಂದ ಹುಮನಾಬಾದಿನ ತನಕ ಎಲ್ಲ ನೆಂಟರಿಗೂ ಮುಟ್ಟಿಬಿಟ್ಟಿತು. ಶುರುವಾದದ್ದು ಒಂದೇ ಒಂದು ಫೋನಿನಿಂದ. ಅಮಾವಾಸ್ಯೆಗೆಂದು ಹುಮನಾಬಾದಿಗೆ ಹೋಗಿ, ಹೆಂಡತಿ ಶಿವದೇವಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ನಡೆಸುತ್ತ ವಾಪಸು ಬರುತ್ತಿದ್ದವರು, ಸಂಗಾರೆಡ್ಡಿ ದಾಟಿದ ಮೇಲೆ ಮಗ ಚೇತನಕುಮಾರನಿಗೆ ಫೋನ್ ಹಚ್ಚಿದ್ದರು.

"ಚೇತನಾ, ಆರಾಮ ಇಲ್ಲಪಾ. ಸದಾಶಿವಪೇಟದಿಂದ ನೋಡಾಕತ್ತೀನಿ, ಆರಾಮನ ಇಲ್ಲ. ಮೆಲ್ಲಕ ಬರ್ತೀವಿ."

ಅಷ್ಟು ಹೇಳಿ ಇಟ್ಟುಬಿಟ್ಟರು. ಆಮೇಲೆ ಎಷ್ಟು ಸಲ ಹಚ್ಚಿದರೂ ಫೋನು ಹತ್ತಲಿಲ್ಲ.

ನಮ್ಮ ಕಡೆಯ ಯಾವ ಮನೆಯಲ್ಲಾದರೂ ಕೇಳಿ ನೋಡಿ, ಆರಾಮ ಇಲ್ಲ ಎಂದರೆ ಮೈಗೆ ಹುಷಾರಿಲ್ಲ ಎಂದೇ ಅರ್ಥ. ಅದೂ ಸಕ್ಕರೆ ಕಾಯಿಲೆ ಇರುವ ಮನುಷ್ಯ, ಹೈವೇ ಮೇಲೆ, ಸ್ಟೇರಿಂಗ್ ಹಿಡಿದುಕೊಂಡು ಹೇಳಿದರೆ? ಚೇತನ ಹುಮನಾಬಾದಿಗೆ, ಅಂದರೆ ಶಿವದೇವಿಯ ತಂಗಿ ಕಮಲಾಕ್ಷಿಗೆ ಫೋನ್ ಮಾಡಿದ. ಕಮಲಾಕ್ಷಿ ಉಳಿದವರಿಗೆಲ್ಲ ಮಾಡಿ, ದೇವರಕೋಣೆಯ ಜಗಲಿಯ ಮೇಲೆ ಮತ್ತೊಂದು ದೀಪ ಹಚ್ಚಿದಳು. ಇತ್ತ ಚೇತನ ಸ್ಕೂಟಿಯ ಕೀಲಿಯನ್ನು ಎರಡು ಸಲ ಕೆಳಗೆ ಬೀಳಿಸಿದ. ಅವನ ಹೆಂಡತಿ ಶೀತಲ ಕೀಲಿ ಕಸಿದುಕೊಂಡು, "ಹಿಂದ ಕುಂದ್ರು" ಎಂದಳು. ಮೆಹದಿಪಟ್ಟಣಂನಿಂದ ಪಟಾನ್‌ಚೆರು ತನಕ ಆ ಸ್ಕೂಟಿ ಹೇಗೆ ಓಡಿತು ಎಂಬುದು ಸ್ಕೂಟಿಗೆ ಮತ್ತು ಶೀತಲಳಿಗೆ ಮಾತ್ರ ಗೊತ್ತು.

ಪಟಾನ್‌ಚೆರು ದಾಟಿ ಸ್ವಲ್ಪ ದೂರದಲ್ಲಿ ರಸ್ತೆ ಬದಿಯ ಚಹಾದಂಗಡಿ. ಅದರ ಮುಂದೆ ಅದೇ ಬಿಳಿ ಕಾರು. ಪಕ್ಕದಲ್ಲಿ ಸೂರ್ಯಕಾಂತರು, ಒಂದು ಕೈಯಲ್ಲಿ ಚಹಾ, ಇನ್ನೊಂದು ಕೈಯಲ್ಲಿ ಉಸ್ಮಾನಿಯಾ ಬಿಸ್ಕೀಟು.

"ಅಪ್ಪಾ! ಏನಾತು? ಎದಿ ನೋವೈತೇನು? ಬೆವರು ಬಂತೇನು?"

"ನಂಗೇನ್ ಧಾಡಿ ಆಗೈತಿ? ಆರಾಮ ಹೋಗೈತಲೇ, ಆರಾಮ!" ಸೂರ್ಯಕಾಂತರು ಬಿಸ್ಕೀಟು ಹಿಡಿದ ಕೈಯಿಂದಲೇ ಕಾರಿನ ಸ್ಟೇರಿಂಗ್ ತೋರಿಸಿದರು. "ಆ ಬಟನ್!"

ಶೀತಲ ಅರ್ಥವಾಗದೆ ಅತ್ತೆಯ ಮುಖ ನೋಡಿದಳು. ಶಿವದೇವಿ ಹಣೆ ಬಡಿದುಕೊಂಡು ವಿವರಿಸಿದರು. ಕಾರು ಕೊಂಡ ದಿನ ಶೋರೂಮಿನ ಹುಡುಗ ಎಲ್ಲವನ್ನೂ ತೋರಿಸುತ್ತ, ಸ್ಟೇರಿಂಗ್ ಮೇಲಿನ ಒಂದು ಗುಂಡಿ ಒತ್ತಿ, "ಯೇ ದಬಾವ್ ಚಾಚಾ, ಗಾಡಿ ಆಪಿಚ್ ಚಲ್ತಿ, ಪಾವಾಂಕೂ ಆರಾಮ್" ಎಂದಿದ್ದನಂತೆ, ಕಾಲಿಗೆ ಆರಾಮ ಎಂದು. ಕ್ರೂಸ್ ಕಂಟ್ರೋಲ್ ಎಂಬ ಹೆಸರನ್ನೂ ಅವನು ಹೇಳಿಯೇ ಇದ್ದ. ಆದರೆ ಸೂರ್ಯಕಾಂತರ ನಾಲಿಗೆಗೆ ಒಗ್ಗಿದ್ದು ಆರಾಮ. ಅವತ್ತಿನಿಂದ ಅದು ಆರಾಮ ಬಟನ್. ಒತ್ತಿದರೆ ಗಾಡಿ ಹಿಡಿದ ವೇಗ ಬಿಡದೆ ತಾನೇ ಓಡುತ್ತದೆ, ಕಾಲು ಊರಿ ಕೂರುವ ಕೆಲಸವೇ ಇಲ್ಲ.

ಶೀತಲಳಿಗೆ ನಗು ತಡೆಯಲಾಗಲಿಲ್ಲ. ಇಷ್ಟು ಹೊತ್ತು ಹಿಡಿದಿಟ್ಟಿದ್ದ ಅಳುವೂ ಅದರ ಜೊತೆಗೇ ಹೊರಗೆ ಬಂತು. ಕಣ್ಣು ಒರೆಸಿಕೊಳ್ಳುತ್ತ ತಲೆ ತಗ್ಗಿಸಿದರೆ, ಮಾವನ ಬಲಗಾಲಲ್ಲಿ ಮಾತ್ರ ಚಪ್ಪಲಿ ಇತ್ತು. ಎಡಗಾಲು ಬರಿದು.

"ಮಾವಾರ, ಇನ್ನೊಂದ್ ಚಪ್ಪಲಿ ಎಲ್ಲ್ರಿ?"

ಅವರೂ ಕೆಳಗೆ ನೋಡಿಕೊಂಡರು. "ಅರೆ. ಗಾಡ್ಯಾಗ ಉಳದಿರಬೇಕು."

"ಇವರ ಚಪ್ಪಲಿ ಕಥಿ ಕೇಳಬ್ಯಾಡವಾ," ಎಂದರು ಶಿವದೇವಿ. "ಮೊನ್ನಿ ಒಂದ್ ಕಾಲಾಗ ಮೆಟಗೊಂಡ ದೇವರ ಜಗಲಿ ತನಕ ಬಂದಿದ್ರು. ದೇವರಿಗೂ ನಗಿ ಬಂದಿರಬೇಕು."

ಎಲ್ಲರೂ ನಕ್ಕರು. ಸೂರ್ಯಕಾಂತರೂ ನಕ್ಕರು, ಆದರೆ ಸೊಸೆಯ ಕಡೆ ನೋಡಿ ಅಲ್ಲ.

ಶೀತಲಳಿಗೆ ಚುಚ್ಚುತ್ತಿದ್ದುದು ಅದೇ. ಮದುವೆಯಾಗಿ ಮೊದಲ ನಾಗರಪಂಚಮಿಯೂ ಬಂದಿರಲಿಲ್ಲ. ಅತ್ತೆಯಂತೂ ವಿಜಯಪುರದಿಂದ ಬಂದ ಈ ಹುಡುಗಿಯನ್ನು ಮಗಳಂತೆ ತಲೆ ಬಾಚಿ, ಬೈದು, ಬಿಸಿ ರೊಟ್ಟಿ ಹಾಕಿ ಒಳಗೆ ಎಳೆದುಕೊಂಡಿದ್ದರು. ಮಾವ ಮಾತ್ರ ದೂರ. ಏನೇ ಹೇಳುವುದಿದ್ದರೂ ಹೆಂಡತಿಯ ಮೂಲಕ. "ಅಕಿಗೆ ಚಹಾ ಬೇಕೇನ ಕೇಳು." ಅದೂ ಹೋಗಲಿ. ಉಗಾದಿಯ ಬೆಳಿಗ್ಗೆ ಅವರು ಕುರ್ಚಿಯಲ್ಲಿ ಕೂತು ಮುಖ ಮರೆಯಾಗುವಂತೆ ಪೇಪರ್ ಹಿಡಿದು ಓದುತ್ತಿದ್ದಾಗ, ಹೊಸ ಇಳಕಲ್ ಸೀರೆ ಉಟ್ಟು, ಬೇವಿನ ಬಟ್ಟಲು ಪಕ್ಕಕ್ಕಿಟ್ಟು, ಬಗ್ಗಿ, ಅವರು ಮುಂದೆ ಚಾಚಿದ್ದ ಕಾಲನ್ನು ಮುಟ್ಟಿದ್ದಳು. ಮುಟ್ಟಿ ಹಾಗೇ ಇದ್ದಳು. ಮೇಲಿನಿಂದ ಮಾತೂ ಇಲ್ಲ, ತಲೆಯ ಮೇಲೆ ಕೈಯೂ ಇಲ್ಲ. ಪೇಪರಿನ ಹಾಳೆ ತಿರುಗಿದ ಸದ್ದು ಮಾತ್ರ. ಸುಮ್ಮನೆ ಎದ್ದು ಒಳಗೆ ಹೋದಳು. ಯಾರಿಗೂ ಹೇಳಲಿಲ್ಲ. ಏನೆಂದು ಹೇಳುವುದು? ನನ್ನನ್ನು ಮಾವ ಒಪ್ಪಿಲ್ಲ ಅನ್ನುವುದನ್ನು ಯಾರ ಹತ್ತಿರ ಹೇಳಿಕೊಳ್ಳುತ್ತಾರೆ?

ಆದರೆ ಈಗ ಕಾರು ಕೆಟ್ಟಿತ್ತು! ಕಾರು ಎಂದರೆ ಶೀತಲ ಊಟ ಬಿಡುವವಳು. ಮಾದಾಪುರದ ಆಫೀಸಿನಲ್ಲಿ ಇಡೀ ದಿನ ಯಾರದೋ ಆ್ಯಪಿನ ತಪ್ಪು ಹುಡುಕುತ್ತಾಳೆ, ಮನೆಗೆ ಬಂದು ಕಾರಿನ ವಿಡಿಯೋ ನೋಡುತ್ತಾಳೆ. ಮಾವನ ಹತ್ತಿರ ಹೋಗಲು ಇದಕ್ಕಿಂತ ಒಳ್ಳೆಯ ದಾರಿ ಸಿಕ್ಕೀತೇ?

"ನಾ ನೋಡ್ಲೇನ್ರಿ ಅದನ್ನ?" ಎಂದು ಕೇಳಿಯೇಬಿಟ್ಟಳು.

ಸೂರ್ಯಕಾಂತರು ಹೆಂಡತಿಯ ಕಡೆ ತಿರುಗಿದರು. "ಅಕಿಗೆ ಗೊತ್ತಾಗತೈತೇನ?"

"ಅಕಿ ಇಲ್ಲೇ ನಿಂತಾಳ, ಅಕಿನ್ನ ಕೇಳ್ರಿ," ಎಂದರು ಶಿವದೇವಿ. ಆಮೇಲೆ ಸೊಸೆಯನ್ನು ಪಕ್ಕಕ್ಕೆ ಕರೆದು ಮೆಲ್ಲಗೆ ಹೇಳಿದರು. "ಹೆಂಗರ ಮಾಡಿ ಛಲೋ ಮಾಡವಾ. ರಿಟೈರ್ ಆದ ಮ್ಯಾಲ ಮನ್ಯಾಗ ಟಿವಿ ಮುಂದ ಕುಂತ್ರ ಹೂಂ ಇಲ್ಲ, ಹಾಂ ಇಲ್ಲ. ತಿಂಗಳಿಗೊಮ್ಮೆ ಈ ಗಾಡ್ಯಾಗ ಕುಂತು, ಆ ಬಟನ್ ಒತ್ತಿದರಂದ್ರ ಸಾಕು ನೋಡು, ಕಾಲಿಗೆ ಆರಾಮ ಸಿಕ್ಕ ಕೂಡ್ಲೇ ಬಾಯಿ ಬಿಚ್ಚತೈತಿ. ಹುಮನಾಬಾದ ಬರೂತನಕ ಮಾತು, ಮಾತು. ಇವತ್ತ ಬಾಯಿ ಮುಚಗೊಂಡ ಬಂದಾರ."

ಮುಂದಿನ ಅಮಾವಾಸ್ಯೆಯೊಳಗೆ ಬಟನ್ ಸರಿ ಮಾಡಲೇಬೇಕು ಎಂದು ಶೀತಲ ಅಲ್ಲೇ, ಆ ಚಹಾದಂಗಡಿಯ ಮುಂದೆಯೇ ನಿಶ್ಚಯಿಸಿಬಿಟ್ಟಳು.

ಮರುದಿನದಿಂದ ಆಫೀಸು ಮುಗಿಸಿ ಬಂದವಳದು ಅಪಾರ್ಟ್‌ಮೆಂಟಿನ ಪಾರ್ಕಿಂಗಿನಲ್ಲೇ ಠಿಕಾಣಿ. ಮೊದಲು ಫ್ಯೂಸು ತೆಗೆದು ನೋಡಿದಳು, ಎಲ್ಲ ಸರಿ. ಸ್ಟೇರಿಂಗಿನ ಕೆಳಗೆ ಚುಚ್ಚಿದರೆ ಗಾಡಿಯ ಒಳಸುದ್ದಿಯನ್ನೆಲ್ಲ ಫೋನಿಗೆ ಹೇಳುವ ಒಂದು ಸಣ್ಣ ಡಬ್ಬಿ ಇರುತ್ತದಲ್ಲ, ಅದನ್ನು ತರಿಸಿ ಚುಚ್ಚಿದಳು. ಗಾಡಿ ಹೇಳಿದ್ದು ಒಂದೇ ಮಾತು: ನನಗೇನೂ ಆಗಿಲ್ಲ.

"ಥೇಟ್ ನಿಮ್ಮಪ್ಪನಂಗ ಐತಿ," ಎಂದಳು ಚೇತನನಿಗೆ. "ಏನ್ ಕೇಳಿದ್ರೂ ನಂಗೇನ್ ಧಾಡಿ ಅಂತೈತಿ."

ಸುಳಿವು ಸಿಕ್ಕಿದ್ದು ಗೇಟಿನ ವಾಚ್‌ಮನ್‌ನಿಂದ. ಸಾಬ್ ಹೊರಗೆ ಹೋಗುವಾಗ ಹಿಂದಿನ ಕೆಂಪು ದೀಪ ಹತ್ತಿಯೇ ಇರುತ್ತದೆ ಎಂದ ಅವನು. ಶೀತಲ ಕುಣಿದಾಡಿದಳು. ಸಿಕ್ಕಿತು! ಬ್ರೇಕಿಗೆ ಸ್ವಲ್ಪ ಕಾಲು ತಾಗಿದರೂ ಕ್ರೂಸ್ ಬಿಟ್ಟುಹೋಗುವಂತೆ ಗಾಡಿಯನ್ನು ಮಾಡಿರುತ್ತಾರೆ, ಅದು ಜೀವ ಉಳಿಸುವ ವ್ಯವಸ್ಥೆ. ಬ್ರೇಕ್ ಪೆಡಲಿನ ಹಿಂದೆ ಒಂದು ಸ್ವಿಚ್ಚು, ಅದೇ ಕೆಂಪು ದೀಪ ಹತ್ತಿಸುವುದೂ, ಕ್ರೂಸ್ ಬಿಡಿಸುವುದೂ. ಆ ಸ್ವಿಚ್ಚು ಅಂಟಿಕೊಂಡಿದ್ದರೆ ಯಾರೋ ಬ್ರೇಕ್ ಒತ್ತುತ್ತಲೇ ಇದ್ದಾರೆ ಎಂದು ಗಾಡಿ ನಂಬಿಕೊಂಡಿರುತ್ತದೆ. ಅದಕ್ಕೇ ಮಾವ ಯಾವಾಗಲೂ ಗೊಣಗುವುದು, "ಈ ಊರಾಗ ಹಿಂದಿನವರು ಯಾಕ ಇಷ್ಟ್ ಹಾರ್ನ್ ಹೊಡೀತಾರ?" ಎಂದು. ಹೈದರಾಬಾದಿನಲ್ಲಿ ಹಾರ್ನಿನ ಬಗ್ಗೆ ಗೊಣಗಿದರೆ ಯಾರು ತಲೆ ಕೆಡಿಸಿಕೊಳ್ಳುತ್ತಾರೆ?

ಗುಡಿಮಲ್ಕಾಪುರದ ಗ್ಯಾರೇಜಿನ ಜನಾರ್ದನನಿಗೂ ಅದೇ ಅನಿಸಿತು. ಹೊಸ ಸ್ವಿಚ್ಚು ಕೂರಿಸಿ, "ಅಯಿಪೋಯಿಂದಿ ಮೇಡಂ, ಇಂಕ ಟೆನ್ಷನ್ ಲೇದು" ಎಂದು, ಕೆಲಸ ಮುಗಿಯಿತು, ಇನ್ನು ಚಿಂತೆಯಿಲ್ಲ ಎನ್ನುವಂತೆ ಕೈ ಒರೆಸಿಕೊಂಡ.

ಭಾನುವಾರ ಬೆಳಿಗ್ಗೆ ಶೀತಲ ಗಾಡಿಯನ್ನು ನಾರ್ಸಿಂಗಿ ಕಡೆಗೆ, ಹೊರವರ್ತುಲ ರಸ್ತೆಯ ಪಕ್ಕದ ಸರ್ವಿಸ್ ರೋಡಿಗೆ ತಂದಳು. ಸೂರ್ಯಕಾಂತರು ಪಕ್ಕದಲ್ಲಿ, ಮಡಿಲಲ್ಲಿ ಕೈ ಕಟ್ಟಿಕೊಂಡು. ರಸ್ತೆ ಖಾಲಿ. ವೇಗ ಹಿಡಿದು ಬಟನ್ ಒತ್ತಿದಳು. ಟಪ್ ಎಂದು ಹಸಿರು ದೀಪ! ಕಾಲು ತೆಗೆದಳು. ಗಾಡಿ ಬೆಣ್ಣೆಯ ಮೇಲೆ ಜಾರಿದಂತೆ ತಾನೇ ಓಡಿತು.

"ಬಂತ್ರಿ ಮಾವಾರ! ಆರಾಮ ಬಂತು!"

"ಬಂತಲ್ಲ!" ಸೂರ್ಯಕಾಂತರು ಡ್ಯಾಶ್‌ಬೋರ್ಡ್ ತಟ್ಟಿದರು. "ಭಾಳ ಶಾಣ್ಯಾ ಇದ್ದಿ ತಂಗಿ ನೀ!"

ತಂಗಿ. ಮನೆಯ ಹೆಣ್ಣುಮಕ್ಕಳನ್ನು ಹಿರಿಯರು ಕರೆಯುವ ಹಾಗೆ, ಮಾವ ಅವಳನ್ನು ನೇರವಾಗಿ ಕರೆದದ್ದು ಅದೇ ಮೊದಲು. ಶೀತಲಳ ಕಿವಿ ಬಿಸಿಯಾಯಿತು. ಗಾಡಿ ಬದಿಗೆ ನಿಲ್ಲಿಸಿ ಇಳಿದು, "ಈಗ ನೀವ್ ಹೊಡೀರಿ" ಎಂದಳು.

ಅವರು ಕೂತರು, ಹೊರಟರು, ವೇಗ ಹಿಡಿದರು, ಒತ್ತಿದರು. ದೀಪ ಹತ್ತಲಿಲ್ಲ. ಮತ್ತೆ ಒತ್ತಿದರು. ಊಹೂಂ. ಹಿಂದಿನಿಂದ ಬಂದ ಬೈಕಿನವನು ಹಾರ್ನ್ ಬಾರಿಸಿ, ತಿರುಗಿ ನೋಡುತ್ತ ಮುಂದೆ ಹೋದ.

"ನೋಡು," ಎಂದರು ಸೂರ್ಯಕಾಂತರು. ದನಿ ಸಣ್ಣದಾಗಿತ್ತು. "ನೀ ಹೇಳಿದ್ರ ಕೇಳತೈತಿ. ಗಾಡಿಗೂ ಮುದುಕರು ಬ್ಯಾಡ."

"ಹಂಗ್ಯಾಕಂತೀರಿ? ತಡೀರಿ, ನೋಡ್ತೀನಿ."

ಫೋನು ತೆಗೆದು ಡಬ್ಬಿಯ ಸುದ್ದಿ ನೋಡಿದಳು. ಬ್ರೇಕ್ ಒತ್ತಲಾಗಿದೆ, ಎಂದಿತ್ತು. ಹೊಸ ಸ್ವಿಚ್ಚು! ಈಗ ತಾನೇ ಸರಿ ಇತ್ತಲ್ಲ! ಸಿಟ್ಟಿನಿಂದ ಪೆಡಲಿನ ಕಡೆ ಬಗ್ಗಿ ನೋಡಿದಳು. ಬಲಗಾಲು ಆಕ್ಸಲರೇಟರಿನ ಮೇಲಿತ್ತು. ಈ ಗಾಡಿಯಲ್ಲಿ ಗೇರೂ ಇಲ್ಲ, ಕ್ಲಚ್ಚೂ ಇಲ್ಲ, ಎಡಗಾಲಿಗೆ ಕೆಲಸವೇ ಇಲ್ಲ. ಆದರೆ ಎಡಗಾಲು ಎದ್ದು ಬಂದು ಬ್ರೇಕ್ ಪೆಡಲಿನ ಅಂಚಿನ ಮೇಲೆ ಕೂತಿತ್ತು. ಭಾರ ಬಿಟ್ಟೂ ಇಲ್ಲ, ಬಿಡದೆಯೂ ಇಲ್ಲ, ನಿದ್ದೆ ಬಂದ ಕೂಸಿನ ಕೈ ಇದ್ದ ಹಾಗೆ. ಮೂವತ್ತು ವರ್ಷ ಕಾರ್ಖಾನೆಗೆ ಜೀಪು ಹೊಡೆದುಕೊಂಡು ಹೋಗುತ್ತಿದ್ದ ಕಾಲು ಅದು. ಇನ್ನೂ ಕ್ಲಚ್ ಹುಡುಕುತ್ತಿತ್ತು.

ಅಯ್ಯೋ, ಇಷ್ಟೇನಾ! ಶೀತಲಳಿಗೆ ನಗು ಬಂತು.

"ಮಾವಾರ, ಎಡಗಾಲು ತಗೀರಿ."

"ಎಲ್ಲಿಂದ?"

"ಬ್ರೇಕಿನ ಮ್ಯಾಲಿಂದ್ರಿ."

"ಬ್ರೇಕಿನ ಮ್ಯಾಲ ಎಲ್ಲೈತಿ? ಕೆಳಗೈತಲ್ಲ."

ಅವಳ ನಗು ನಿಂತಿತು. ಚಪ್ಪಲಿ ಮ್ಯಾಟಿನ ಮೇಲೆ ಕಳಚಿ ಬಿದ್ದಿತ್ತು. ಬರಿಗಾಲು ಪೆಡಲಿನ ಮೇಲೆ ಇತ್ತು. ಅವರು ಮುಂದೆ ರಸ್ತೆ ನೋಡುತ್ತಿದ್ದರು, ಕಾಲು ಕೆಳಗಿದೆ ಎಂದೇ ನಂಬಿಕೊಂಡು.

"ಬದಿಗೆ ಹಚ್ಚರಿ ಮಾವಾರ," ಎಂದಳು, ಆದಷ್ಟು ಮೆಲ್ಲಗೆ. "ಸ್ವಲ್ಪ ನಿಂದರ್ಸರಿ."

ಗಾಡಿ ನಿಂತಿತು. ಶೀತಲ ಇಳಿದು ಅವರ ಕಡೆ ಬಂದು, ಬಾಗಿಲು ತೆಗೆದು, ನೆಲಕ್ಕೆ ಮೊಣಕಾಲೂರಿ ಅವರ ಎಡಗಾಲನ್ನು ಎತ್ತಿ ಹೊರಗಿಟ್ಟಳು. ಪಾದ ತಣ್ಣಗಿತ್ತು. ಹೆಬ್ಬೆರಳಿನ ಪಕ್ಕದಲ್ಲಿ ಒಂದು ಒಣಗಿದ ಗಾಯ.

"ಅಲ್ಲಿ ನೋಡ್ರಿ, ಆ ಮರದ ಕಡೆ. ಕೆಳಗ ನೋಡಬ್ಯಾಡ್ರಿ. ನಾ ಮುಟ್ಟಿದಾಗ ಹೇಳ್ರಿ."

ಬೆರಳುಗಳನ್ನು ಒಂದೊಂದಾಗಿ ಮುಟ್ಟಿದಳು. ಒತ್ತಿದಳು. ಅಂಗಾಲಿನ ಮೇಲೆ ಅಂಗೈ ಇಟ್ಟಳು. ಸೂರ್ಯಕಾಂತರು ಮರ ನೋಡುತ್ತಲೇ ಇದ್ದರು.

"ಮುಟ್ಟಿದೇನು?"

"ಮುಟ್ಟೀನ್ರಿ. ಹಿಡಕೊಂಡೀನಿ."

ಅವರು ಕೆಳಗೆ ನೋಡಿದರು. ತಮ್ಮ ಪಾದ, ಅದರ ಮೇಲೆ ಸೊಸೆಯ ಎರಡೂ ಕೈ.

"ಹತ್ತಿ ಮ್ಯಾಲ ನಡದಂಗ ಆಗತೈತಿ," ಎಂದರು ಕೊನೆಗೆ. "ಚಳಿಗಾಲದಿಂದ. ಮೊದಲ ಬೆರಳಷ್ಟ, ಆಮ್ಯಾಲ ಪಾದ. ಬಲಗಾಲು ಛಲೋ ಐತಿ, ಖರೆ. ಅದಕ್ಕ ಸುಮ್ನಿದ್ದೆ. ಆರಾಮ ಬಟನ್ ಇದ್ರ ಕಾಲಿಗೆ ಕೆಲಸನ ಇಲ್ಲಲ್ಲ ಅಂತ. ಯಾರಿಗಾದ್ರೂ ಹೇಳಿದ್ರ ಚಾವಿ ಕಸಗೋತೀರಿ."

ಚಳಿಗಾಲದಿಂದ. ಶೀತಲಳ ತಲೆಯಲ್ಲಿ ಏನೋ ಹಿಂದಕ್ಕೆ ಓಡತೊಡಗಿತು. ಒಂಟಿ ಚಪ್ಪಲಿ. ಹಾರ್ನು. ಪೇಪರಿನ ಹಾಳೆ ತಿರುಗಿದ ಸದ್ದು.

"ಉಗಾದಿ ದಿನ," ಎಂದಳು, "ನೀವು ಪೇಪರ್ ಓದಾಕತ್ತಿದ್ರಿ. ನಾ ಬಂದು ನಮಸ್ಕಾರ ಮಾಡಿದೆ."

"ನೀ ಮಾಡ್ಲಿಲ್ಲ," ಎಂದರು ಸೂರ್ಯಕಾಂತರು ತಟ್ಟನೆ. ಬಹಳ ದಿನದಿಂದ ಒಳಗೇ ಇಟ್ಟುಕೊಂಡಿದ್ದ ಮಾತು ಅದು. "ಶಿವದೇವಿಗೆ ಮಾಡಿದಿ. ನನಗ ಮಾಡ್ಲಿಲ್ಲ. ಈಗಿನ ಹುಡುಗ್ಯಾರು, ಇರ್ಲಿ ಬಿಡು, ಅಂದ್ಕೊಂಡೆ."

"ಮಾಡಿದೆ ಮಾವಾರ. ಇದ ಕಾಲು ಮುಟ್ಟಿದೆ. ನಿಮ್ಮ ಕೈ ಬರ್ಲಿ ಅಂತ ಬಗ್ಗೇ ಇದ್ದೆ."

ಸರ್ವಿಸ್ ರೋಡಿನಲ್ಲಿ ಒಂದು ನೀರಿನ ಟ್ಯಾಂಕರು ಸದ್ದು ಮಾಡುತ್ತ ಹೋಯಿತು. ಅದು ದಾಟಿದ ಮೇಲೆ ಸೂರ್ಯಕಾಂತರು ಕೈ ಎತ್ತಿ ಅವಳ ತಲೆಯ ಮೇಲಿಟ್ಟರು. ಸೀಟಿನಿಂದ ಬಗ್ಗಿ, ಸ್ವಲ್ಪ ಸೊಟ್ಟಗೆ, ಭಾರ ಬಿಟ್ಟು.

"ಛಲೋ ಆಗ್ಲಿ ನಿನಗ ಶೀತಲವ್ವ. ಭಾಳ ಛಲೋ ಆಗ್ಲಿ. ನನ್ನ ಕಾಲು ನಿನ್ನ ಕೈಗೆ ಅಪಮಾನ ಮಾಡಿತಲ್ಲ ತಂಗಿ."

"ನಿಮಗ ಗೊತ್ತಾಗಲಿಲ್ಲ, ಅಷ್ಟ. ಅಪಮಾನ ಎಲ್ಲಿಂದ ಬಂತು?" ಅವಳ ಮೂಗು ಸುರಿಯುತ್ತಿತ್ತು, ವೇಲಿನಿಂದ ಒರೆಸಿಕೊಂಡಳು. ಆಮೇಲೆ ಹೇಳಬೇಕಾದ ಮಾತನ್ನು ಹೇಳಿದಳು. ಹೇಳದಿದ್ದರೆ ಆಗುತ್ತಿರಲಿಲ್ಲ. "ಮಾವಾರ, ಡಾಕ್ಟರು ನೋಡಿ ಹೂಂ ಅನ್ನೂತನಕ ನೀವು ಹೊಡಿಯೂದು ಬ್ಯಾಡ್ರಿ."

ಅವರು ಎದುರಿನ ರಸ್ತೆ ನೋಡಿದರು. ಸ್ಟೇರಿಂಗ್ ನೋಡಿದರು. ಅದರ ಮೇಲಿನ ಆ ಬಟನ್ ಅನ್ನು ಹೆಬ್ಬೆರಳಿನಿಂದ ಒಮ್ಮೆ ಸವರಿದರು. ಚಾವಿ ತೆಗೆದು ಅವಳ ಅಂಗೈಯಲ್ಲಿಟ್ಟರು. ಕಸಿದುಕೊಳ್ಳುವ ಪ್ರಸಂಗವೇ ಬರಲಿಲ್ಲ. ಆದರೆ ಕೈ ತಕ್ಷಣ ಹಿಂದೆ ಹೋಗಲೂ ಇಲ್ಲ.

"ನಿಮ್ಮತ್ತಿಗೆ ನಾನ ಹೇಳ್ತೀನಿ," ಎಂದರು. ಫೋನು ತೆಗೆದು ಸ್ಪೀಕರ್ ಹಾಕಿದರು.

"ಶಿವದೇವಿ, ಆರಾಮ ಇಲ್ಲ."

"ಹಾಳಾಗಿ ಹೋಗ್ಲಿ ಬಿಡ್ರಿ ಆ ಬಟನ್!" ಆ ಕಡೆಯಿಂದ ಕುಕ್ಕರಿನ ಸೀಟಿಯ ಜೊತೆ ದನಿ ಬಂತು. "ಆ ಹುಡುಗೀನ್ನ ಬಿಸಲಾಗ ಎಷ್ಟ್ ಕಾಡಸ್ತೀರಿ? ಉಣ್ಣಾಕ ಬರ್ರಿ."

"ಬಟನ್ ಛಲೋ ಐತಿ. ನನಗ ಆರಾಮ ಇಲ್ಲ."

ಆ ಕಡೆ ಗ್ಯಾಸ್ ಆರಿಸಿದ ಸದ್ದು.

"ಎಡಗಾಲು," ಎಂದರು ಸೂರ್ಯಕಾಂತರು. "ಅದಕ್ಕ ಏನೂ ತಿಳಿಯಂಗಿಲ್ಲ. ಭಾಳ ದಿನ ಆತು."

"ಅದಕ್ಕಲ್ಲ ತಿಳಿಲಾರದ್ದು, ನಿಮಗ!" ಎಂದರು ಶಿವದೇವಿ. ದನಿ ಒಡೆದಿತ್ತು. "ಚಪ್ಪಲಿ ಚಪ್ಪಲಿ ಅಂತ ನಕ್ಕೊಂತ ಕುಂತ್ನಲ್ರಿ ನಾನು. ನಾಳಿನ ದವಾಖಾನಿಗೆ ಹೋಗೂಣು."

"ಹೂಂ. ಗಾಡಿ ಬಿಟ್ಟೆ. ಚಾವಿ ಶೀತಲವ್ವನ ಕಡೆ ಕೊಟ್ಟೀನಿ." ಅವಳ ಕೈಯಲ್ಲಿದ್ದ ಚಾವಿ ನೋಡುತ್ತ ಕೇಳಿದರು. "ಅಮಾಸಿಗೆ ಕಮಲಾಕ್ಷಿ ಮನೀಗೆ ಹೆಂಗ ಹೋಗೂದು ಈಗ?"

ಅವರು ಕೇಳಿದ್ದು ಹುಮನಾಬಾದಿನ ದಾರಿ ಅಲ್ಲ, ದಾರಿಯುದ್ದದ ಆ ಮಾತು ಎಂದು ಶೀತಲಳಿಗೆ ಗೊತ್ತಿತ್ತು. ಫೋನಿನ ಕಡೆ ಬಗ್ಗಿದಳು.

"ಅತ್ಯಾರ, ನಾ ಹೊಡೀತೀನಿ. ನೀವಿಬ್ರೂ ಹಿಂದ ಕುಂದರ್ರಿ."

"ಹಿಂದ? ಇಬ್ರೂ?" ಶಿವದೇವಿಯ ದನಿ ಮೆತ್ತಗಾಯಿತು. "ನಮ್ಮ ಮದುವಿ ಮುಗಿಸಿ ಬರಮುಂದ ಕುಂತಿದ್ವಿ ನೋಡ್ರಿ ಹಂಗ. ಆಮ್ಯಾಲ ನೀವು ಸ್ಟೇರಿಂಗ್ ಬಿಟ್ಟು ನನ್ನ ಬಾಜೂ ಯಾವಾಗ ಕುಂತೀರಿ?"

"ಸ್ಪೀಕರ್ ಐತಿ," ಎಂದರು ಸೂರ್ಯಕಾಂತರು ಗಾಬರಿಯಿಂದ.

"ಇರ್ಲೇಳ್ರಿ."

ಸೂರ್ಯಕಾಂತರು ಮ್ಯಾಟಿನ ಮೇಲಿದ್ದ ಚಪ್ಪಲಿ ಮೆಟ್ಟಿ ಇಳಿದರು, ಶೀತಲ ನಗುತ್ತ ಡ್ರೈವರ್ ಸೀಟಿಗೆ ಹತ್ತಿದಳು. ಅವರು ಸುತ್ತಿ ಬಂದು ಎಡಗಡೆ ಕೂತರು, ಮೆಲ್ಲಗೆ, ಕಾಲು ಇಡುವ ಜಾಗವನ್ನು ಕಣ್ಣಿನಿಂದ ನೋಡಿ ನೋಡಿ. ಇಷ್ಟು ದಿನ ಹೆಂಡತಿ ಕೂತಿರುತ್ತಿದ್ದ ಸೀಟು ಅದು. ಬೆಲ್ಟು ಎಲ್ಲಿದೆ ಎಂದು ಈಗಲೂ ಹುಡುಕಾಡಿದರು. ಗಾಡಿ ಹೊರಟು, ರಸ್ತೆ ಬಿಚ್ಚಿಕೊಂಡಿತು. ಅವರ ಕಣ್ಣು ಸ್ಪೀಡಿನ ಮುಳ್ಳಿನ ಮೇಲೇ ಇತ್ತು.

"ಹಾಕು ಈಗ," ಎಂದರು.

ಒತ್ತಿದಳು. ಹಸಿರು ದೀಪ ಹತ್ತಿತು.

"ಆ ಶೋರೂಮಿನ ಹುಡುಗ ಐದಾನಲ್ಲ," ಎಂದು ಸೂರ್ಯಕಾಂತರು ಶುರು ಮಾಡಿದರು, "ಅಂವ ನಮ್ಮ ಬೀದರದಂವ. ಅವರಪ್ಪಂದು ಚೌಬಾರಾ ಹತ್ತಿರ ಸೈಕಲ್ ಅಂಗಡಿ ಇತ್ತಂತ. ನಾ ಸಣ್ಣಂವಿದ್ದಾಗ ಅದ ಅಂಗಡ್ಯಾಗ..."

ಮಾತು, ಮಾತು. ಶೀತಲ ಹೂಂಗುಟ್ಟುತ್ತ ಅವರ ಕಾಲಿನ ಕಡೆ ಕಣ್ಣು ಹಾಯಿಸಿದಳು.

"ಮಾವಾರ, ಚಪ್ಪಲಿ."

ಅವರು ಕೆಳಗೆ ನೋಡಿ, ಬಗ್ಗಿ, ಜಾರಿದ್ದ ಚಪ್ಪಲಿಯನ್ನು ಎತ್ತಿಕೊಂಡರು. ಶಾಲೆಗೆ ಹೊರಟ ಮಗುವಿಗೆ ಹಾಕಿದಂತೆ, ಕೈಯಿಂದಲೇ ಎಡಗಾಲಿಗೆ ಹಾಕಿದರು.

"ಎಲ್ಲಿಗೆ ಬಂದಿದ್ದೆ?" ಎಂದು ಕೇಳಿದರು.

"ಸೈಕಲ್ ಅಂಗಡಿಗ್ರಿ."

"ಹಾಂ, ಸೈಕಲ್ ಅಂಗಡಿ."